ಎಂಟರಿಂದ ಭಾಗಿಸಿದರೆ

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಕೈಯಲ್ಲಾದರೂ ಹೊಸ ಮೊಬೈಲ್ ಕಂಡರೆ ‘ಒಂದ್ನಿಮಿಷ ಕೊಡಿ’ ಎಂದು ಇಸಿದುಕೊಳ್ಳುತ್ತೇನೆ. ಅದರ ಕ್ಯಾಮೆರಾ ನೋಡುವುದಿಲ್ಲ, ರಿಂಗ್‌ಟೋನ್ ಕೇಳುವುದಿಲ್ಲ. ನೇರ ಕ್ಯಾಲ್ಕುಲೇಟರ್‌ಗೆ ಹೋಗಿ ಇಪ್ಪತ್ತೈದು ಇಂಟು ಮೂವತ್ತೊಂದು ಒತ್ತುತ್ತೇನೆ. ಬಂದದ್ದನ್ನು ಎಂಟರಿಂದ ಭಾಗಿಸುತ್ತೇನೆ. ಶೇಷ ಏಳು ಉಳಿಯಿತೆಂದು ಖಾತ್ರಿಯಾದ ಮೇಲೆ ‘ಫೋನ್ ಚೆನ್ನಾಗಿದೆ’ ಎಂದು ಹಿಂತಿರುಗಿಸುತ್ತೇನೆ. ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ಒಂದರ ಮೇಲೊಂದು ಐದು ಫೋನುಗಳಿಗೆ ಹೀಗೆ ಮಾಡಿದಾಗ ಸೇಲ್ಸಿನವನು, ‘ಸಾರ್, ನೀವು ಫೋನ್ ತಗೊಳ್ತೀರೋ, ಅದರ ಜಾತಕ ನೋಡ್ತೀರೋ?’ ಎಂದ. ಪಾಪ, ತನಗೇ ತಿಳಿಯದೆ ಅವನು ಸತ್ಯದ ಪಕ್ಕದಲ್ಲೇ ಬಂದು ನಿಂತಿದ್ದ.

ಈ ಚಾಳಿ ಅಂಟಿದ್ದು ಕಂಪ್ಯೂಟರಿಗೆ ವಿಂಡೋಸಿನ ಬದಲು ಹಾಕುವ ಲಿನಕ್ಸಿನಲ್ಲಿ ಒಂದು ನೆಟ್ಟಗಿನ ಕ್ಯಾಲ್ಕುಲೇಟರ್ ಹುಡುಕಲು ಹೊರಟಾಗ. ಹೀಗೆಂದರೆ ಜನ ನಗುತ್ತಾರೆ. ಲಿನಕ್ಸಿನಲ್ಲಿ ಕ್ಯಾಲ್ಕುಲೇಟರ್ ಇಲ್ಲವೆಂದಲ್ಲ. ಚಿಕ್ಕಲಸಂದ್ರದಲ್ಲಿ ಟ್ಯೂಷನ್ ಸೆಂಟರುಗಳು ಎಷ್ಟಿವೆಯೋ ಅಷ್ಟಿವೆ. ಒಂದೊಂದೂ ತಾನು ಹೇಳಿಕೊಡುವುದೇ ಸರಿ ಎನ್ನುತ್ತದೆ. ಕಷ್ಟ ಶುರುವಾಗುವುದೇ ಅಲ್ಲಿ. ಆದರೆ ಆ ಕಷ್ಟ ನಿಮಗೆ ಅರ್ಥವಾಗಬೇಕಾದರೆ ಮೊದಲು ನಮ್ಮಪ್ಪನ ಎಂಟು ಪ್ರಾಣಿಗಳ ಪರಿಚಯ ಆಗಬೇಕು.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಪದ್ಮನಾಭನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಸುತ್ತಮುತ್ತ ಸೈಟು ಕೊಂಡವರಿಗೆಲ್ಲ ಮನೆಯ ಪ್ಲಾನ್ ಬರೆದುಕೊಡುತ್ತಿದ್ದರು. ನಿವೃತ್ತರಾದ ಮೇಲಂತೂ ಇನ್ನೂ ಜೋರಾಗಿ. ಆದರೆ ಜನ ನಿಜವಾಗಿ ಬರುತ್ತಿದ್ದದ್ದು ಪ್ಲಾನಿಗಲ್ಲ, ಆಯಕ್ಕೆ. ಮನೆಯ ಹೊರಗೋಡೆಯ ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಏನು ಶೇಷ ಉಳಿಯುತ್ತದೋ ಅದು ಆ ಮನೆಯ ಆಯ. ನಡುವೆ ಒಂಬತ್ತರಿಂದಲೂ ಗುಣಿಸಬೇಕೆನ್ನುವ ಪಂಡಿತರಿದ್ದಾರೆ. ‘ಹಾಗೆ ಮಾಡಿದ್ರೂ ಶೇಷ ಅದೇ ಬರತ್ತೆ. ಬೆರಳು ನೋವು ಅಷ್ಟೆ’ ಎಂದು ಅಪ್ಪ ಆ ಒಂಬತ್ತನ್ನು ಕೈಬಿಟ್ಟಿದ್ದರು. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಬಂದರೆ ಶುಭ, ಸಮ ಬಂದರೆ ಕೆಟ್ಟದ್ದು. ಖರ ಎಂದರೆ ಕತ್ತೆ. ಬಾವುಟ, ಹೊಗೆಗಳು ಪ್ರಾಣಿಗಳಲ್ಲವೆಂದು ನೀವು ತಕರಾರು ತೆಗೆಯಬಹುದು. ಅಪ್ಪನ ಡ್ರಾಯಿಂಗ್ ಬೋರ್ಡಿನ ಕೆಳಗೆ ಕುಳಿತು ಟ್ರೇಸಿಂಗ್ ಪೇಪರಿನ ಚೂರುಗಳಲ್ಲಿ ಗಾಳಿಪಟ ಮಾಡುತ್ತಿದ್ದ ವಯಸ್ಸಿನಲ್ಲಿ ನನಗೆ ಅವೂ ಪ್ರಾಣಿಗಳೇ.

ಆ ಬೋರ್ಡಿನ ಕೆಳಗೇ ನಾನು ಮಿಮಿಕ್ರಿ ಕಲಿತದ್ದು. ಮೇಲೆ ಅಪ್ಪ ಗಂಭೀರವಾಗಿ ‘ನಿಮ್ಮದು ಸಿಂಹಾಯ’ ಎಂದರೆ ಕೆಳಗಿನಿಂದ ನಾನು ಘರ್ಜಿಸುತ್ತಿದ್ದೆ. ಶ್ವಾನ ಬಂದರೆ ಬೊಗಳುತ್ತಿದ್ದೆ. ಒಮ್ಮೆ ಬ್ಯಾಂಕಿನ ಮ್ಯಾನೇಜರೊಬ್ಬರು ಬೆಚ್ಚಿಬಿದ್ದು ಲೋಟದ ಕಾಫಿಯನ್ನು ಅಪ್ಪನ ಪ್ಲಾನಿನ ಮೇಲೆ ಚೆಲ್ಲಿ, ಅವರ ದೇವರ ಮನೆ ಕಂದುಬಣ್ಣದ ಕೊಳವಾಗಿ ಹೋಯಿತು. ಎಂಟರಲ್ಲಿ ನನಗೆ ಅತ್ಯಂತ ಸಲೀಸಾಗಿ ಬರುತ್ತಿದ್ದದ್ದು ಕತ್ತೆಯ ಕೂಗು. ಅದನ್ನು ಯಾರೂ ಕಲಿಸಿದ್ದಲ್ಲ. ‘ಎಷ್ಟು ಸಹಜವಾಗಿದೆ!’ ಎಂದು ನೆಂಟರು ಮೆಚ್ಚಿಕೊಳ್ಳುತ್ತಿದ್ದರು. ಅದೇಕೆ ಅಷ್ಟು ಸಹಜವೆಂದು ಆಗ ಯಾರಿಗೂ ಹೊಳೆಯಲಿಲ್ಲ.

ನಮ್ಮ ಸ್ವಂತ ಮನೆಯದು ವೃಷಭಾಯ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಬನಶಂಕರಿಯ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದೆವು. ಇಪ್ಪತ್ತೈದು ಇಂಟು ಇಪ್ಪತ್ತೊಂಬತ್ತು ಅಡಿ, ಏಳುನೂರ ಇಪ್ಪತ್ತೈದು, ಶೇಷ ಐದು. ಆ ಪ್ಲಾನಿಗೆ ಅಪ್ಪ ಕಟ್ಟು ಹಾಕಿಸಿ ಮುಂದಿನ ಕೋಣೆಯ ಗೋಡೆಗೆ ನೇತುಹಾಕಿದ್ದರು. ಬಂದವರಿಗೆಲ್ಲ ಸ್ಕೇಲಿನ ತುದಿಯಿಂದ ಅದನ್ನು ತೋರಿಸಿ, ‘ವೃಷಭ. ಸಂಸಾರಕ್ಕೆ ಇದಕ್ಕಿಂತ ಒಳ್ಳೇದಿಲ್ಲ’ ಎನ್ನುವುದು ಅವರ ವಾಡಿಕೆ. ಆಗ ಅಪ್ಪನ ಮುಖವೂ ಒಂದಿಷ್ಟು ಬಸವಣ್ಣನ ಹಾಗೆ ಆಗುತ್ತಿತ್ತು. ಅದನ್ನೂ ನಾನು ಮಾಡಿ ತೋರಿಸುತ್ತಿದ್ದೆ.

ಲೆಕ್ಕಕ್ಕೆ ಅವರ ಹತ್ತಿರ ಒಂದು ಮೇಜಿನ ಕ್ಯಾಲ್ಕುಲೇಟರ್ ಇತ್ತು, ಇಟ್ಟಿಗೆಯ ಗಾತ್ರದ್ದು. ಅದರ ಮೇಲೆ ಅಪ್ಪನ ಬೆರಳು ಓಡುವುದಕ್ಕೆ ಒಂದು ಕ್ರಮವಿತ್ತು. ಉದ್ದ ಇಂಟು ಅಗಲ, ಭಾಗಿಸು ಎಂಟು. ಪರದೆಯಲ್ಲಿ ಕಂಡ ಪೂರ್ಣ ಸಂಖ್ಯೆಯನ್ನು ಕಳೆ. ಉಳಿದ ದಶಾಂಶಕ್ಕೆ ಇಂಟು ಎಂಟು. ಆಯ ಬಂತು. ಎಲ್ಲ ಒಂದೇ ಉಸಿರಿನಲ್ಲಿ, ನಡುವೆ ಎಲ್ಲೂ ಈಕ್ವಲ್ ಒತ್ತುವಂತಿಲ್ಲ. ‘ಅದು ಮಂಗಳಾರತಿ ಇದ್ದ ಹಾಗೆ ಕಣೋ. ಕೊನೆಗೆ, ಒಂದೇ ಸಲ’ ಎನ್ನುತ್ತಿದ್ದರು. ಪ್ರತಿ ಮನೆಗೂ ಎಂಟನ್ನು ಎರಡು ಸಲ ಕುಟ್ಟಿ ಕುಟ್ಟಿ ಎಂಟರ ಗುಂಡಿ ಮೊದಲು ಬೋಳಾಯಿತು, ಆಮೇಲೆ ಕುಸಿಯಿತು, ಕಡೆಗೆ ಪೆನ್ಸಿಲ್ಲಿನ ಹಿಂಭಾಗದಿಂದ ತಿವಿದರೂ ಏಳಲಿಲ್ಲ. ಮಿಕ್ಕ ಒಂಬತ್ತು ಅಂಕಿಗಳು ಹೊಸ ಮದುಮಕ್ಕಳ ಹಾಗೆ ಹೊಳೆಯುತ್ತಿದ್ದವು. ಎಂಟು ಇಲ್ಲದ ಕ್ಯಾಲ್ಕುಲೇಟರ್ ಅಪ್ಪನಿಗೆ ಏತಕ್ಕೆ?

ಅಷ್ಟು ಹೊತ್ತಿಗೆ ನನ್ನ ಓದಿಗೆಂದು ಮನೆಗೆ ಕಂಪ್ಯೂಟರ್ ಬಂದಿತ್ತು. ಅದರಲ್ಲೂ ಒಂದು ಕ್ಯಾಲ್ಕುಲೇಟರ್ ಇದೆಯೆಂದು ಅಪ್ಪ ಪತ್ತೆ ಹಚ್ಚಿದರು. ಇಟ್ಟಿಗೆಯ ಮೇಲೆ ಕುಟ್ಟಿದ ಹಾಗೇ ಅಲ್ಲೂ ಕುಟ್ಟಿದರು. ಅದೂ ಇಟ್ಟಿಗೆಯ ಹಾಗೇ ಉತ್ತರ ಕೊಟ್ಟಿತು. ಅಂದಿನಿಂದ ಅಷ್ಟು ದೊಡ್ಡ ಯಂತ್ರಕ್ಕೆ ನಮ್ಮ ಮನೆಯಲ್ಲಿದ್ದ ಮುಖ್ಯ ಉದ್ಯೋಗ ಎಂಟರಿಂದ ಭಾಗಿಸುವುದು. ನನ್ನ ಓದು ಆಮೇಲಿನದು.

ಇನ್ನು ಕಿಟ್ಟಿ. ನನ್ನ ಕಾಲೇಜಿನ ಗೆಳೆಯ, ಬನಶಂಕರಿ ಎರಡನೇ ಹಂತದವನು, ಪತ್ರಿಕೆಯ ಜತೆ ಅಂಟಿಸಿ ಕೊಡುತ್ತಿದ್ದ ಲಿನಕ್ಸ್ ಸಿ.ಡಿ.ಯನ್ನು ಶರ್ಟಿನ ಒಳಗೆ ಇಟ್ಟುಕೊಂಡು ತಿರುಗುತ್ತಿದ್ದವನು. ‘ಮಗಾ, ವಿಂಡೋಸ್ ಅಂದ್ರೆ ಬಾಡಿಗೆ ಮನೆ ಕಣೋ. ಗೋಡೆಗೆ ಒಂದು ಮೊಳೆ ಹೊಡೆಯಂಗಿಲ್ಲ. ಲಿನಕ್ಸ್ ಸ್ವಂತ ಮನೆ. ಸಖತ್!’ ಎಂದು ಮೂಗಿನಲ್ಲಿ ಮಾತಾಡುತ್ತ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದ. ಸಿ.ಡಿ. ತಿರುಗಿತು. ಪರದೆಯ ಮೇಲೆ ಏನೋ ಒಂದು ಪ್ರಶ್ನೆ ಬಂತು. ‘ಇಡೀ ಡಿಸ್ಕ್ ಬಳಸ್ಕೊಳ್ಳಲಾ ಅಂತ ಕೇಳ್ತಾ ಇದೆ. ಹೂಂ ಅನ್ನು ಗುರು’ ಎಂದ ಕಿಟ್ಟಿ. ನಾನು ಹೂಂ ಎಂದೆ. ನನ್ನ ಜೀವನದಲ್ಲಿ ಇಷ್ಟು ಬೇಗ ಹೂಂ ಅಂದು ಇಷ್ಟು ನಿಧಾನವಾಗಿ ಪಶ್ಚಾತ್ತಾಪ ಪಟ್ಟದ್ದು ಇನ್ನೊಂದಿಲ್ಲ. ಒಂದು ಗಂಟೆಯ ಮೇಲೆ ನೋಡಿದರೆ ಹೊಸ ಮನೆ ಎದ್ದಿತ್ತು, ಹಳೆಯ ಮನೆ ನೆಲಸಮ. ನನ್ನ ಪಾಠಗಳು ಹೋದವು, ಅದಕ್ಕೆ ಯಾರೂ ಅಳಲಿಲ್ಲ. ಅಪ್ಪನ ಕ್ಯಾಲ್ಕುಲೇಟರ್ ಕೂಡ ಹೋಯಿತೆಂದು ಹೊಳೆದಾಗ ಮಾತ್ರ ನಾನು ಕಿಟ್ಟಿಯ ಮುಖ ನೋಡಿದೆ. ಕಿಟ್ಟಿ ಚಪ್ಪಲಿ ಹುಡುಕತೊಡಗಿದ.

ಮಾರನೆಯ ಬೆಳಗ್ಗೆ ಅಪ್ಪ ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದು ಕೂಗಿದರು. ‘ಲೋ ಸುಧಿ, ಸ್ಟಾರ್ಟ್ ಎಲ್ಲೋ ಹೋಯ್ತು? ಅದಿದ್ದ ಜಾಗದಲ್ಲಿ ಯಾವುದೋ ಪಾದ ಇದೆಯಲ್ಲೋ. ಯಾರದು ಇದು?’

‘ಅದೇ ಲಿನಕ್ಸಿನ ಸ್ಟಾರ್ಟು, ಅದನ್ನೇ ಒತ್ತಿ ಅಪ್ಪ. ಒಳಗೆ ಕ್ಯಾಲ್ಕುಲೇಟರ್ ಇದೆ, ಇನ್ನೂ ಒಳ್ಳೇದು’ ಎಂದೆ ಧೈರ್ಯವಾಗಿ. ಪಾದವನ್ನು ಒತ್ತುವ ಮೊದಲು ಅಪ್ಪ ಕನ್ನಡಕ ಸರಿಮಾಡಿಕೊಂಡ ರೀತಿಯಲ್ಲಿ ಒಂದು ಭಕ್ತಿಯಿತ್ತು.

ಅದೇ ಸಂಜೆ ಹಾದಿಮನಿ ದಂಪತಿ ಬಂದರು. ಧಾರವಾಡದ ಕಡೆಯವರು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದು ಸುಬ್ರಹ್ಮಣ್ಯಪುರದಲ್ಲಿ ಮೂವತ್ತು ನಲವತ್ತರ ಸೈಟು ಕೊಂಡಿದ್ದರು. ಶುಕ್ರವಾರ ಬೆಳಗ್ಗೆ ಗುದ್ದಲಿ ಪೂಜೆ ಎಂದು ನಿಶ್ಚಯವಾಗಿತ್ತು. ಹಾದಿಮನಿಯವರು ಮಾತಾಡಿದರೆ ರಸ್ತೆಯಾಚೆ ಕೇಳುತ್ತಿತ್ತು. ಅವರ ಹೆಂಡತಿ ಗಿರಿಜಕ್ಕನ ವ್ಯಾನಿಟಿ ಬ್ಯಾಗಿನಲ್ಲಿ ಸದಾ ಒಂದು ಅಳತೆ ಟೇಪು. ಮನೆ ಕಟ್ಟುವವರಿಗೆ ಈ ರೋಗ ಬರುತ್ತದೆ, ಹೋದ ಮನೆಗಳಲ್ಲೆಲ್ಲ ಗೋಡೆ ಅಳೆಯುವುದು.

‘ಸರ, ಅಡಗಿಮನಿ ಒಂದ್ ಫೂಟ್ ಹೆಚ್ಚ ಮಾಡ್ರಿ’ ಎಂದರು ಗಿರಿಜಕ್ಕ. ‘ರೊಟ್ಟಿ ಬಡಿಯಾಕ ಕುಂತ್ರ ಮೊಣಕೈ ಗ್ವಾಡಿಗೆ ಬಡೀತೈತ್ರಿ. ಬಾಡಿಗಿ ಮನ್ಯಾಗ ಹನ್ನೆರಡ್ ವರ್ಷ ಬಡಿಸ್ಕೊಂಡೇನ್ರಿ, ಸ್ವಂತ ಮನ್ಯಾಗೂ ಬಡಿಸ್ಕೊಳ್ಳೇನ್ರಿ?’

‘ಒಂದಡಿ ಹೆಚ್ಚಿಸಿದ್ರೆ ಖರ ಬರತ್ತಮ್ಮ’ ಎಂದರು ಅಪ್ಪ. ಎಂದಿನಂತೆ ಗೋಡೆಯ ಮೇಲಿನ ಕಟ್ಟು ಹಾಕಿದ ಪ್ಲಾನಿನತ್ತ ಸ್ಕೇಲ್ ಎತ್ತಿದವರು, ಯಾಕೋ ಅರ್ಧದಲ್ಲೇ ಇಳಿಸಿದರು. ‘ಈಗಿರೋದು ಇಪ್ಪತ್ಮೂರು ಇಂಟು ಮೂವತ್ಮೂರು. ಗಜಾಯ. ಆನೆ.’

‘ಕೇಳಿದಿಲ್ಲೋ?’ ಎಂದರು ಹಾದಿಮನಿ ಹೆಂಡತಿಗೆ. ‘ರೊಟ್ಟಿ ಸಲುವಾಗಿ ಆನಿ ಬಿಟ್ಟು ಕತ್ತಿ ಕಟ್ಕೊಳ್ಳಾಕ ಆಗೂದಿಲ್ಲ. ಸರ, ಅದನ್ನ ಕಂಪ್ಯೂಟರ್‌ನ್ಯಾಗ ತಗದು ತೋರಿಸ್ರಿ, ಕಣ್ಣಿಲೆ ನೋಡಿಬಿಡ್ತೀನಿ.’

ಅಪ್ಪ ಕುಳಿತರು. ಬೆರಳು ಓಡಿತು. ಇಪ್ಪತ್ಮೂರು ಇಂಟು ಮೂವತ್ಮೂರು, ಭಾಗಿಸು ಎಂಟು. ಪರದೆಯಲ್ಲಿ ತೊಂಬತ್ನಾಲ್ಕು ಪಾಯಿಂಟ್ ಎಂಟು ಏಳು ಐದು ಬಂತು. ತೊಂಬತ್ನಾಲ್ಕು ಕಳೆದರು, ಎಂಟರಿಂದ ಗುಣಿಸಿದರು, ಮಂಗಳಾರತಿ ಎತ್ತಿದರು.

ಮೈನಸ್ ಆರುನೂರ ಐವತ್ತೇಳು ಪಾಯಿಂಟ್ ಒಂದು ಎರಡು ಐದು.

ಅಪ್ಪ ಬಾಯಿ ತೆರೆದರು, ಮುಚ್ಚಲು ಮರೆತರು. ನಾನು ಬಾಗಿಲ ಹಿಂದೆ ಆನೆಯಂತೆ ಘೀಳಿಡಲು ಉಸಿರೆಳೆದುಕೊಂಡು ನಿಂತಿದ್ದವನು ಅದೇ ಉಸಿರನ್ನು ನುಂಗಿದೆ.

‘ಸರ,’ ಎಂದರು ಹಾದಿಮನಿ, ಮೊದಲ ಬಾರಿಗೆ ಪಿಸುಮಾತಿನಲ್ಲಿ. ‘ಇದು ಯಾ ಪ್ರಾಣಿ ರೀ?’

‘ಮೈನಸ್ ಅಂದ್ರ ನೆಲದಾಗ ಹೋಗೂದಿರಬೇಕು. ಹೆಗ್ಗಣ’ ಎಂದರು ಗಿರಿಜಕ್ಕ.

ಅಪ್ಪ ಮತ್ತೆ ಒತ್ತಿದರು. ಮತ್ತೆ ಹೆಗ್ಗಣ. ಕಾಗದ ತೆಗೆದು ಪೆನ್ಸಿಲ್ಲಿನಲ್ಲಿ ಭಾಗಾಕಾರ ಮಾಡಿ ತೋರಿಸಿದರು, ಶೇಷ ಏಳು, ಗಜ. ಹಾದಿಮನಿ ಕಾಗದವನ್ನು ನೋಡಲಿಲ್ಲ, ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅದು ಕಂಪ್ಯೂಟರ್ ತಪ್ಪು ಹೇಳುವುದಿಲ್ಲವೆಂದು ಎಲ್ಲರೂ ನಂಬಿದ್ದ ಕಾಲ. ‘ತಪ್ಪು ತಿಳೀಬ್ಯಾಡ್ರಿ ಸರ. ಗುರುವಾರ ಸಂಜಿಕ ಬರ್ತೀವಿ. ಇದೇ ಕಂಪ್ಯೂಟರ್ ಏಳು ಅಂದ್ರ ಶುಕ್ರವಾರ ಪೂಜಿ. ಇಲ್ಲಂದ್ರ ಬ್ಯಾರೆಯವರ ಕಡೆ ತೋರಿಸ್ತೀನ್ರಿ’ ಎಂದು ಎದ್ದರು.

ಅವರು ಹೋದ ಮೇಲೆ ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅದನ್ನು ಕಿಟ್ಟಿಗೆ ಅನುಕರಿಸಿ ತೋರಿಸಬಹುದಿತ್ತು. ತಮ್ಮ ಬಲಗೈ ತೋರುಬೆರಳನ್ನು ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಂಡರು. ‘ಇಷ್ಟು ವರ್ಷ ಇದು ತಪ್ಪಿರ್ಲಿಲ್ಲ ಕಣೋ’ ಎಂದರು. ನನಗೆ ತಡೆಯಲಾಗಲಿಲ್ಲ.

ತಪ್ಪು ಬೆರಳಿನದಲ್ಲ ಎಂದು ತಿಳಿಯಲು ನನಗೊಂದು ದಿನ ಹಿಡಿಯಿತು. ಅಪ್ಪನ ಹಳೆಯ ಯಂತ್ರ ಒತ್ತಿದ್ದನ್ನು ಒತ್ತಿದ ಕ್ರಮದಲ್ಲೇ ಮಾಡುತ್ತಿತ್ತು. ಎರಡಕ್ಕೆ ಮೂರು ಕೂಡಿಸಿ ನಾಲ್ಕರಿಂದ ಗುಣಿಸು ಎಂದರೆ ಇಪ್ಪತ್ತು. ಈ ಹೊಸದು ಮೇಷ್ಟ್ರ ಮಗ. ಗುಣಾಕಾರ ಮೊದಲು, ಕೂಡುವುದು ಕಳೆಯುವುದು ಆಮೇಲೆ ಎಂದು ಶಾಲೆಯಲ್ಲಿ ಕಲಿಸಿದ್ದನ್ನು ಮರೆಯದೆ ಹದಿನಾಲ್ಕು ಎನ್ನುತ್ತದೆ. ಹಾಗಾಗಿ ಅಪ್ಪ ತೊಂಬತ್ನಾಲ್ಕನ್ನು ಕಳೆದು ಎಂಟರಿಂದ ಗುಣಿಸಿದಾಗ, ಅದು ಮೊದಲು ತೊಂಬತ್ನಾಲ್ಕನ್ನೇ ಎಂಟರಿಂದ ಗುಣಿಸಿ, ಅಷ್ಟನ್ನೂ ಒಟ್ಟಿಗೆ ಕಳೆದು, ಆನೆಯನ್ನು ನೆಲದೊಳಗೆ ಹೂತಿತ್ತು.

‘ಬ್ರ್ಯಾಕೆಟ್ ಹಾಕಿದ್ರೆ ಸರಿಹೋಗತ್ತೆ ಅಪ್ಪ.’

‘ಈ ವಯಸ್ಸಲ್ಲಿ ನನ್ನ ಲೆಕ್ಕಕ್ಕೆ ಬೇಲಿ ಹಾಕ್ತೀಯೇನೋ?’ ಎಂದರು. ಅಲ್ಲಿಗೆ ಆ ಕ್ಯಾಲ್ಕುಲೇಟರಿನ ಋಣ ತೀರಿತು. ಗುರುವಾರದೊಳಗೆ ಅಪ್ಪನ ಬೆರಳಿನ ಮರ್ಯಾದೆ ಉಳಿಸುವ ಇನ್ನೊಂದನ್ನು ನಾನು ಹುಡುಕಬೇಕಿತ್ತು.

ಹುಡುಕಿದೆ ನೋಡಿ. ಮೊದಲು ಸಿಕ್ಕಿದ್ದರ ಗುಂಡಿಗಳು ಸಾಸಿವೆಕಾಳಿನಷ್ಟು. ಅಪ್ಪ ಏಳಕ್ಕೆ ಗುರಿಯಿಟ್ಟರೆ ನಾಲ್ಕು ಬೀಳುತ್ತಿತ್ತು. ಇನ್ನೊಂದಕ್ಕೆ ಎರಡೇ ಅಕ್ಷರದ ಹೆಸರು, ಮುಖವೇ ಇಲ್ಲ, ಕಪ್ಪು ಪರದೆಯಲ್ಲಿ ಮಿನುಗುವ ಒಂದು ಗೆರೆ. ಏಳುನೂರ ಐವತ್ತೊಂಬತ್ತನ್ನು ಎಂಟರಿಂದ ಭಾಗಿಸು ಎಂದು ಬರೆದರೆ ತೊಂಬತ್ನಾಲ್ಕು ಎಂದು ಬಾಯಿ ಮುಚ್ಚಿತು. ದಶಾಂಶ? ಅದು ಬೇಕೆಂದು ಮೊದಲೇ ಹೇಳಬೇಕಿತ್ತಂತೆ. ಕೇಳಿದರೆ ಮಾತ್ರ ಚಟ್ನಿ ಹಾಕುವ ಹೋಟೆಲಿನವನ ಜಾತಿ. ಹೊಟ್ಟೆಗೆ ಹಾಕಿಕೊಂಡ ಆ ಪಾಯಿಂಟ್ ಎಂಟು ಏಳು ಐದರಲ್ಲೇ ನಮ್ಮ ಆನೆ ಇತ್ತು.

ಅದರ ದಾಯಾದಿಯೊಂದಿತ್ತು, ಅದಕ್ಕೂ ಎರಡೇ ಅಕ್ಷರ. ಅದರಲ್ಲಿ ಮೊದಲು ಅಂಕಿಗಳನ್ನೆಲ್ಲ ಕೊಟ್ಟು ಆಮೇಲೆ ಏನು ಮಾಡಬೇಕೆಂದು ಹೇಳಬೇಕು. ಏಳುನೂರ ಐವತ್ತೊಂಬತ್ತು, ಎಂಟು, ಭಾಗಿಸು. ‘ಪರವಾಗಿಲ್ವೋ, ಇದು ನಮ್ಮ ಹಾಗೇ ಮಾತಾಡತ್ತೆ’ ಎಂದು ಅಪ್ಪ ಮುಂದೆ ಬಂದರು. ನಾವೂ ಹಾಗೇ ತಾನೆ, ಅನ್ನ, ಸಾರು, ತುಪ್ಪ ಎಲ್ಲ ಹೇಳಿಯಾದ ಮೇಲೆ ಬಡಿಸು ಎನ್ನುವವರು. ಕನ್ನಡದ ಕ್ಯಾಲ್ಕುಲೇಟರ್ ಸಿಕ್ಕಿತೆಂದು ನಾನು ಕುಣಿಯುವುದರಲ್ಲಿದ್ದೆ. ಆದರೆ ಅದು ಉತ್ತರವನ್ನು ಒಳಗೇ ಇಟ್ಟುಕೊಂಡು ಸುಮ್ಮನಿತ್ತು. ‘ಹೇಳು’ ಎಂದು ಬೇರೆಯಾಗಿ ಅಪ್ಪಣೆ ಕೊಡಬೇಕಂತೆ. ನಮ್ಮ ಚಿಕ್ಕಪ್ಪ ಒಬ್ಬರಿದ್ದಾರೆ, ಊಟ ಆಯ್ತಾ ಎಂದರೆ ತಲೆ ಅಲ್ಲಾಡಿಸಿ, ಹೌದೋ ಅಲ್ಲವೋ ತಿಳಿಯಬೇಕಾದರೆ ಇನ್ನೊಮ್ಮೆ ಕೇಳಿಸಿಕೊಳ್ಳುವವರು. ಅಪ್ಪ ಎರಡು ನಿಮಿಷ ಕಾದು, ‘ಇದು ಅವನೇ ಕಣೋ’ ಎಂದು ಎದ್ದುಹೋದರು. ಮತ್ತೊಂದರಲ್ಲಿ ಲೆಕ್ಕ ಬರೆದರೆ ಡೊಂಕು ಗೆರೆಯೊಂದನ್ನು ಎಳೆದು ತೋರಿಸಿತು. ಅಮ್ಮ ಹಾದುಹೋಗುತ್ತ ನೋಡಿ, ‘ಯಾರಿಗೋ ಜ್ವರ?’ ಎಂದು ಕೇಳಿದಳು.

ಕಿಟ್ಟಿಗೆ ಫೋನ್ ಮಾಡಿದೆ. ‘ನೀನೇ ಒಂದು ಬರ್ಕೋ ಮಗಾ. ಲಿನಕ್ಸ್‌ನಲ್ಲಿ ಎಲ್ಲಾ ಓಪನ್ನು’ ಎಂದ.

‘ನಮ್ಮಪ್ಪ ನಿನ್ನ ತಲೆ ಓಪನ್ ಮಾಡ್ತಾರೆ ಬಾ.’

ಹೆದರಿ ಒಂದು ಹೆಸರು ಹೇಳಿದ. ಕಾಗದದ ಮೇಲೆ ಬರೆದ ಹಾಗೆ ಇಡೀ ಸಾಲನ್ನು ಬರೆಯಬಹುದಂತೆ, ಶೇಷವನ್ನು ನೇರವಾಗಿ ಕೇಳಬಹುದಂತೆ, ಹಿಂದೆ ಕೇಳಿದ್ದೆಲ್ಲ ಮೇಲೆ ಸಾಲಾಗಿ ಉಳಿಯುತ್ತದಂತೆ. ಪದ್ಮನಾಭನಗರದ ಸೈಬರ್ ಸೆಂಟರಿಗೆ ಓಡಿ ಫ್ಲಾಪಿಯಲ್ಲಿ ತುಂಬಿಸಿಕೊಂಡು ಬಂದೆ. ಹಾಕಿದರೆ, ತಾನು ಬರಬೇಕಾದರೆ ಇನ್ನೊಂದು ಬರಬೇಕು ಎಂದಿತು. ಅದನ್ನು ತಂದೆ. ಅದಕ್ಕೆ ಮತ್ತೊಂದು ಬೇಕಿತ್ತು. ಮದುವೆಗೆ ಒಬ್ಬರನ್ನು ಕರೆಯಲು ಹೋದರೆ ಅವರ ಷಡ್ಡಕನನ್ನೂ, ಷಡ್ಡಕನ ಬೀಗರನ್ನೂ ಕರೆಯಬೇಕಾದ ಹಾಗೆ, ಎರಡು ದಿನದಲ್ಲಿ ಒಂಬತ್ತು ಸಲ ಸೈಬರ್ ಸೆಂಟರಿಗೆ ಹೋದೆ. ಗುರುವಾರ ಮಧ್ಯಾಹ್ನ ಬೀಗರೆಲ್ಲ ಬಂದು ಕೂತ ಮೇಲೆ ಮದುಮಗ ಎದ್ದುನಿಂತ.

ಅಪ್ಪ ನಂಬದೆ ಇಪ್ಪತ್ಮೂರು ಇಂಟು ಮೂವತ್ಮೂರರ ಶೇಷ ಕೇಳಿದರು. ಏಳು. ಮುಗಿಸಲು ಒಂದೇ ಒಂದು ಸಲ ಈಕ್ವಲ್. ‘ಮರ್ಯಾದಸ್ಥ’ ಎಂದರು. ನಾನು ಬಹಳ ದಿನದ ಮೇಲೆ ಆನೆಯಂತೆ ಘೀಳಿಟ್ಟೆ.

ಸಂಜೆ ಹಾದಿಮನಿ ದಂಪತಿ ಬಂದರು. ಪರದೆಯ ಮೇಲೆ ಏಳು ನೋಡಿ ಹಾದಿಮನಿ ಕೈ ಮುಗಿದರು, ಅಪ್ಪನಿಗೋ ಕಂಪ್ಯೂಟರಿಗೋ ತಿಳಿಯಲಿಲ್ಲ. ಅಪ್ಪನ ಬೆನ್ನು ನೆಟ್ಟಗಾಯಿತು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಆನೆ ಖಾತ್ರಿಯಾದಷ್ಟೂ ಗಿರಿಜಕ್ಕನ ಮುಖ ಸಣ್ಣದಾಗುತ್ತಿತ್ತು. ಅವರ ಒಂದಡಿ ಹೋಯಿತಲ್ಲ. ಎದ್ದು ಅಮ್ಮನ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಟೇಪು ಸರ್ರನೆ ಎಳೆದ ಸದ್ದು ಕೇಳಿಸಿತು.

‘ಸರ, ನಿಮ್ಮ ಅಡಗಿಮನಿ ಎಷ್ಟ್ ಛಂದ ಅದ ರೀ. ಇಷ್ಟಿದ್ರ ಸಾಕು ನನಗ’ ಎಂದು ಹೊರಬಂದು, ಗೋಡೆಯ ಮೇಲಿನ ಪ್ಲಾನಿನ ಮುಂದೆ ನಿಂತರು. ‘ಇದ್ರಾಗ ಎಂಟ್ ಫೂಟ್ ಅಂತ ಬರದೈತಿ. ಟೇಪ್ ಒಂಬತ್ತ್ ಅಂತೈತಲ್ರೀ?’

‘ಟೇಪು ಸಡಿಲ ಇರಬೇಕಮ್ಮ’ ಎಂದರು ಅಪ್ಪ, ಸ್ವಲ್ಪ ಹೆಚ್ಚೇ ಬೇಗ.

ಅನುಮಾನ ಬಂದರೆ ಹಾದಿಮನಿ ಕೂರುವ ಆಸಾಮಿಯಲ್ಲ. ತಮ್ಮ ಉದ್ದನೆಯ ಟೇಪು ತೆಗೆದು, ಒಂದು ತುದಿಯನ್ನು ಹೆಂಡತಿಗೆ ಹಿಡಿಸಿ, ನಮ್ಮ ಮನೆಯ ಹೊರಗೋಡೆಯನ್ನು ಉದ್ದಕ್ಕೂ ಅಳೆದು ಬಂದರು. ‘ಮೂವತ್ತು. ಕರೆಕ್ಟ್ ಮೂವತ್ತು!’

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಹೊಸ ಆಟಿಕೆ ಕೈಯಲ್ಲಿದ್ದವನಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ‘ಇರಿ ಅಂಕಲ್, ಈಗ್ಲೇ ನೋಡೋಣ’ ಎಂದು ಟಪಟಪ ಒತ್ತಿಬಿಟ್ಟೆ. ಇಪ್ಪತ್ತೈದು ಇಂಟು ಮೂವತ್ತು, ಎಂಟರಿಂದ ಭಾಗಿಸಿದರೆ ಶೇಷ.

ಆರು.

ಹಾದಿಮನಿಗೆ ಅಷ್ಟು ಹೊತ್ತಿಗೆ ಪಟ್ಟಿ ಬಾಯಿಪಾಠವಾಗಿತ್ತು. ಒಂದೊಂದೇ ಬೆರಳು ಮಡಿಸಿದರು. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ. ಒಂದು ಕೈ ಮುಗಿಯಿತು. ಇನ್ನೊಂದು ಕೈಯ ಹೆಬ್ಬೆರಳನ್ನು ಅರ್ಧ ಮಡಿಸಿ ನಿಲ್ಲಿಸಿದರು. ಅಪ್ಪನ ಆಯದ ಮೇಲೆ ನಂಬಿಕೆಯಿಟ್ಟು ಈ ಸುತ್ತಿನಲ್ಲಿ ಎಷ್ಟು ಮನೆಗಳೆದ್ದಿದ್ದವೋ, ಅಷ್ಟೂ ಮನೆಗಳ ಆಯ ಬರೆದುಕೊಟ್ಟವರು ಸ್ವತಃ ಕತ್ತೆಯ ಮನೆಯಲ್ಲಿ ಕುಳಿತಿದ್ದರು. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಹುಟ್ಟಿದಾಗಿನಿಂದ ನಾನು ತಾಲೀಮು ಮಾಡಿದ್ದ ಕೂಗು ಅದು. ಗಂಟಲಿನಿಂದ ಒಂದು ಸೊಲ್ಲೂ ಹೊರಡಲಿಲ್ಲ.

‘ರೀ, ಏನಿದು?’ ಎಂದಳು ಅಮ್ಮ. ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ‘ನಮ್ಮದು ವೃಷಭ ಅಲ್ವೇ?’

ಅಪ್ಪ ಸ್ಕೇಲನ್ನು ಮೇಜಿನ ಮೇಲಿಟ್ಟರು. ‘ಪ್ಲಾನಿನಲ್ಲಿ ವೃಷಭ’ ಎಂದರು. ‘ಪಾಯ ತೋಡೋ ದಿನ ಬೆಳಗ್ಗೆ ನೀನು ಬಂದು ನಿಂತೆ. ಅಡುಗೆಮನೆ ಇನ್ನೊಂದಡಿ ಇದ್ದಿದ್ರೆ ನಾನೂ ನಿಮ್ಮಮ್ಮನೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೀದೆ ಓಡಾಡಬಹುದಿತ್ತು ಅಂದೆ. ಬೇರೆ ಏನೂ ಕೇಳಿದವಳಲ್ಲ ನೀನು. ಮೇಸ್ತ್ರಿಗೆ ಹೇಳಿ ದಾರ ಒಂದಡಿ ಆಚೆ ಕಟ್ಟಿಸ್ದೆ. ಆಮೇಲೆ ಲೆಕ್ಕ ಹಾಕಿ ನೋಡ್ದೆ.’

‘ನೋಡಿ?’

‘ನೋಡಿ, ಕ್ಯಾಲ್ಕುಲೇಟರ್ ಆಫ್ ಮಾಡ್ದೆ.’

‘ನಂಗೆ ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ದಾರ ವಾಪಸ್ ಕಟ್ಟಿಸ್ತಿದ್ದೆ ನೀನು.’

ಎಷ್ಟೋ ವರ್ಷದಿಂದ ಸ್ಕೇಲಿನ ತುದಿಯಲ್ಲಿ ಬಂದವರಿಗೆಲ್ಲ ವೃಷಭ ತೋರಿಸುತ್ತ, ಪ್ರತಿ ಸಲವೂ ಒಳಗೊಳಗೇ ಆರು ಎಂದುಕೊಳ್ಳುತ್ತಿದ್ದ ಮನುಷ್ಯನನ್ನು ನಾನು ದಂಗಾಗಿ ನೋಡುತ್ತಿದ್ದೆ. ಅವರ ನಡಿಗೆ, ಕೆಮ್ಮು, ಕನ್ನಡಕ ಎಲ್ಲ ನನಗೆ ಮಾಡಲು ಬರುತ್ತಿತ್ತು. ಈ ಅಪ್ಪ ನನ್ನ ಪಟ್ಟಿಯಲ್ಲಿರಲೇ ಇಲ್ಲ.

ಹಾದಿಮನಿ ಗಂಟಲು ಸರಿಮಾಡಿಕೊಂಡರು. ‘ಸರ, ಸಿಟ್ಟಾಗಬ್ಯಾಡ್ರಿ. ಖರ ಬಂದ್ರ… ಏನಾತ್ರೀ ನಿಮಗ, ಇಷ್ಟ್ ವರ್ಷದಾಗ?’

ಅಪ್ಪ ಯೋಚಿಸಿದರು. ನನ್ನನ್ನು ನೋಡಿದರು. ‘ಮನೇಲೊಂದು ಕತ್ತೆ ಇರೋದು ನಿಜ’ ಎಂದರು. ‘ಆದ್ರೆ ಅದು ಮನೆಗಿಂತ ಮುಂಚೆನೇ ಬಂದಿತ್ತು.’

ಹಾದಿಮನಿ ನಕ್ಕ ನಗೆಗೆ ಎದುರು ಮನೆಯವರು ಕಿಟಕಿ ತೆರೆದರು. ಆಗ ನನಗೂ ಗಂಟಲು ಬಂತು. ಕೂಗಿದೆ, ಮನಸಾರೆ.

ಅಮ್ಮ ಮಾತ್ರ ನಗಲಿಲ್ಲ. ತಟ್ಟೆ ಇಟ್ಟು ಪರದೆಯ ಹತ್ತಿರ ಬಂದಳು. ಕಂಪ್ಯೂಟರಿನ ಅಷ್ಟು ಹತ್ತಿರ ಅವಳು ಬಂದದ್ದು ನಾನು ನೋಡಿರಲಿಲ್ಲ. ‘ಎರಡಡಿ ಕೇಳಿದ್ರೆ?’

‘ಏನು?’ ಎಂದರು ಅಪ್ಪ.

‘ಅವತ್ತು ನಾನು ಒಂದರ ಬದಲು ಎರಡಡಿ ಕೇಳಿದ್ರೆ ಏನು ಬರ್ತಿತ್ತು? ಹಿಂದೆ ಜಾಗ ಸುಮ್ನೆ ಬಿದ್ದಿತ್ತಲ್ಲ, ತೆಂಗಿನ ಮಟ್ಟೆ ಹಾಕೊಂಡು. ಒತ್ತೋ ಸುಧಿ.’

ಇಪ್ಪತ್ತೈದು ಇಂಟು ಮೂವತ್ತೊಂದು. ಏಳುನೂರ ಎಪ್ಪತ್ತೈದು. ಎಂಟರಿಂದ ಭಾಗಿಸಿದರೆ ಶೇಷ ಏಳು.

ಗಜ.

ಆ ದಿನದ ಎಲ್ಲ ಬೆರಗುಗಳಲ್ಲಿ ಅಪ್ಪನಿಗೆ ತಗುಲಿದ್ದು ಇದೊಂದು. ಮೈನಸ್ ಬಂದಾಗಲೂ ಆ ಮುಖ ಹಾಗಾಗಿರಲಿಲ್ಲ. ‘ಆರು ಬಂದ ಮೇಲೆ ಇನ್ನೊಂದ್ಸಲ ಒತ್ತೋ ಧೈರ್ಯ ಬರ್ಲಿಲ್ಲ ಕಣೇ’ ಎಂದರು ಕಡೆಗೆ, ತೀರ ಸಣ್ಣ ದನಿಯಲ್ಲಿ.

ಗಿರಿಜಕ್ಕ ಆಗಲೇ ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ‘ತಮ್ಮಾ, ನಮ್ಮದೂ ಒತ್ತು. ಮೂವತ್ನಾಲ್ಕು.’ ಇಪ್ಪತ್ಮೂರು ಇಂಟು ಮೂವತ್ನಾಲ್ಕು, ಶೇಷ ಆರು. ‘ಇನ್ನೊಂದ್ ಫೂಟ್ ಹಾಕು.’ ಮೂವತ್ತೈದು ಹಾಕಿದೆ. ಐದು. ವೃಷಭ. ಹಾದಿಮನಿ ಏನೋ ಹೇಳಲು ಬಾಯಿ ತೆರೆದರು. ಗಿರಿಜಕ್ಕ ಅವರತ್ತ ಒಮ್ಮೆ ನೋಡಿದರು. ಅವರು ಬಾಯಿ ಮುಚ್ಚಿಕೊಂಡು, ‘ಎತ್ತು ಛಲೋನ ಬಿಡ್ರಿ’ ಎಂದರು. ಅಪ್ಪ ರಬ್ಬರ್ ತೆಗೆದುಕೊಂಡು ಅವರ ಅಡುಗೆಮನೆಯ ಗೋಡೆಯನ್ನು ಅಳಿಸಿ, ಎರಡಡಿ ಆಚೆ ಹೊಸ ಗೆರೆ ಎಳೆದರು. ಅಷ್ಟು ನಿಧಾನವಾಗಿ ಅವರು ಗೆರೆ ಎಳೆದದ್ದನ್ನು ನಾನು ಕಂಡಿರಲಿಲ್ಲ.

ಅವರು ಹೋದ ಮೇಲೆ ಅಪ್ಪ ಪರದೆಯ ಮುಂದೆ ಒಬ್ಬರೇ ಕುಳಿತಿದ್ದರು. ಕಿಟ್ಟಿ ಹೇಳಿದ್ದು ನಿಜವಾಗಿತ್ತು, ಕೇಳಿದ್ದೆಲ್ಲ ಸಾಲಾಗಿ ಹಾಗೇ ಉಳಿದಿತ್ತು. ಹಾದಿಮನಿಯವರ ಆನೆ, ನಮ್ಮ ಕತ್ತೆ, ನಮ್ಮದಾಗಬಹುದಾಗಿದ್ದ ಆನೆ, ಗಿರಿಜಕ್ಕ ಒಲ್ಲೆನೆಂದ ಕತ್ತೆ, ಅವರ ಎತ್ತು.

‘ಸುಧಿ, ಈ ಎರಡನೇ ಸಾಲೊಂದನ್ನ ತೆಗೆಯೋಕಾಗತ್ತೇನೋ? ಯಾರಾದ್ರೂ ಬಂದ್ರೆ ಕಾಣತ್ತೆ.’

ನಾನು ಕೈ ಚಾಚಿದೆ. ಅಡುಗೆಮನೆಯಿಂದ ಅಮ್ಮನ ದನಿ ಬಂತು. ‘ಅದನ್ನ ಮುಟ್ಟಬೇಡ್ವೋ. ಇರ್ಲಿ ಅದು.’ ಆಮೇಲೆ ಪಾತ್ರೆಯ ಸದ್ದು, ನಲ್ಲಿಯ ಸದ್ದು, ಅವಳು ಅಲ್ಲಿ ಈ ಕಡೆಯಿಂದ ಆ ಕಡೆಗೆ ಯಾವುದಕ್ಕೂ ತಗುಲದೆ ಓಡಾಡುತ್ತಿದ್ದ ಸದ್ದು.